ನನ್ನ ಡೈರಿ ಸಾಕ್ಷಿ ಹೇಳಿದ್ದು

ದಿನಾ ಡೈರಿ ಬರೆಯುವವರಿಗೆಲ್ಲ ಒಂದು ನಂಬಿಕೆ: ಇದನ್ನು ಯಾರೂ ಓದುವುದಿಲ್ಲ. ನಾನೂ ಹಾಗೇ ನಂಬಿ ಹತ್ತೊಂಬತ್ತು ವರ್ಷ ಬರೆದೆ. ಕಸದ ಹಸಿರು ಬಿನ್ ಹೊರಗಿಟ್ಟದ್ದು, ನಾವಿರುವ ಪರದೇಶದ ಊರು ಬ್ಯಾಲಿನ್‌ಕೊಲಿಗ್‌ನ ಚಳಿಗೆ ದೋಸೆಹಿಟ್ಟು ಹುಳಿ ಬರಲೆಂದು ಬಿಸಿನೀರಿನ ಟ್ಯಾಂಕಿನ ಕಪಾಟಿನಲ್ಲಿ ಮಗುವಿನ ಹಾಗೆ ಮಲಗಿಸಿದ್ದು, ಜೊತೆಗೆ ನಮ್ಮವರ ಮೇಲಿನ ದೂರುಗಳು. ಎದುರಿಗೆ ಹೇಳಿದರೆ ಜಗಳ, ಬರೆದರೆ ಶಾಂತಿ.

ನಮ್ಮವರು ಆಸ್ಪತ್ರೆಯಲ್ಲಿ ಡಾಕ್ಟರು. ಹೋದ ವರ್ಷ ಒಬ್ಬ ರೋಗಿಗೆ ಸ್ಕ್ಯಾನ್ ತಡವಾಗಿ ಕಾಯಿಲೆ ಜೋರಾಯಿತು. ಸದ್ಯ, ಆಮೇಲೆ ಹುಷಾರಾದರು. 'ಬೆಳಿಗ್ಗೆ ನೋಡೋಣ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು' ಅಂತ ವಾರ್ಡಿನ ನೋಟಿನಲ್ಲಿತ್ತು. ಇವರು, 'ಈಗಲೇ ಮಾಡಿಸಿ ಅಂದಿದ್ದೆ' ಅನ್ನುತ್ತಾರೆ. ಜೊತೆಯ ಡಾಕ್ಟರುಗಳೇ ಕೂತು ವಿಚಾರಣೆ ಮಾಡುವುದೆಂದಾಯಿತು. ತಪ್ಪು ಇವರದೆಂದಾದರೆ ಕೆಲಸ ಹೋಗಬಹುದು.

'ತಪ್ಪಾಯ್ತು ಅಂತ ಒಂದು ಕಾಗದ ಬರೆದ್ಬಿಟ್ರೆ ಮುಗೀತು, ಅವರು ದೊಡ್ಡವರು' ಅಂದರು ಇವರು. ನಾನು ಆಗಲೇ ಮೈಸೂರುಪಾಕಿಗೆ ತುಪ್ಪ ಕಾಯಿಸುತ್ತಿದ್ದೆ, ವಿಚಾರಣೆಯ ಸಮಿತಿಯ ಅಧ್ಯಕ್ಷರ ಮನೆಗೆ ಕೊಟ್ಟು ಬರೋಣವೆಂದು. ನಾವು ಹಿಡಿದಿದ್ದ ಲಾಯರಮ್ಮ ಇಬ್ಬರನ್ನೂ ತಡೆದರು. ಮಾಡದ ತಪ್ಪಿಗೆ ಕ್ಷಮೆ ಕೇಳಿದರೆ ಅದೇ ಒಪ್ಪಿಗೆಯಂತೆ. ಸಿಹಿ ಕೊಟ್ಟರೆ ಲಂಚದ ವಾಸನೆಯಂತೆ. 'ಆರೋಪ ಬರಹದಲ್ಲಿ ಕೇಳಿ. ಅವರ ಹತ್ತಿರ ಇರೋ ಕಾಗದ ಎಲ್ಲ ಮೊದಲೇ ಕೇಳಿ. ಅದು ನಿಮ್ಮ ಹಕ್ಕು. ಆಸ್ಪತ್ರೆಯವರ ಜೊತೆ ಹರಟೆ ಮಾತ್ರ ಬೇಡ.' ಮೈಸೂರುಪಾಕನ್ನು ನಾವೇ ತಿಂದೆವು.

ಕೊನೆಗೆ ಲಾಯರಮ್ಮ, 'ಆ ದಿನದ್ದು ಯಾರಾದರೂ ಬರೆದಿಟ್ಟಿದ್ದೀರಾ?' ಅಂತ ಕೇಳಿದರು. ನಾನು ಸುಮ್ಮನಿರಬೇಕಿತ್ತು. ಡೈರಿ ತೆಗೆದೆ. 'ಸಂಜೆ ಏಳೂ ಹತ್ತು. ಮೂರನೇ ದೋಸೆಗೆ ವಾರ್ಡಿನಿಂದ ಫೋನು. ಈಗಲೇ ಸ್ಕ್ಯಾನ್ ಮಾಡಿಸಿ ಅಂದರು ಇವರು. ದೋಸೆ ಆರಿಹೋಯಿತು.' ಅದರ ಕೆಳಗೇ, 'ಚಟ್ನಿಗೆ ಉಪ್ಪು ಸರಿಯಿದೆಯಾ ಅಂತ ಮೂರು ಸಲ ಕೇಳಿದೆ. ಏನು ಹೇಳಿದರೂ ಈ ಮನುಷ್ಯನ ಕಿವಿಗೆ ಬೀಳಲ್ಲ.'

ಒಂದು ಪುಟ ಕೊಟ್ಟರೆ ಸಮಿತಿಯವರು ಉಳಿದದ್ದನ್ನೂ ಕೇಳಬಹುದು ಎಂದು ಲಾಯರಮ್ಮ ಎಚ್ಚರಿಸಿದರು.

'ರೀ, ಬೇಡ' ಅಂದೆ.

'ಯಾಕೆ, ಏನಿದೆ ಅದರಲ್ಲಿ?'

'ಬಿನ್ನಿನ ವಿಚಾರ.'

'ಬಿನ್ ತಾನೆ? ಕೊಡು.'

ಸಮಿತಿಯವರು ಕೇಳಿಯೇ ಕೇಳಿದರು. ಆ ಇಡೀ ತಿಂಗಳ ಡೈರಿ ಇಂಗ್ಲಿಷಿಗೆ ಅನುವಾದವಾಗಿ ಹೋಯಿತು. ಅಧ್ಯಕ್ಷರು ಕನ್ನಡಕ ಏರಿಸಿ ಒಂದೊಂದು ಸಾಲನ್ನೂ ಓದಿದರಂತೆ. ಆಮೇಲೆ, 'ಗಂಡನನ್ನು ಇಷ್ಟು ಬೈದವರು ಅವನನ್ನು ಉಳಿಸಲು ಸುಳ್ಳು ಬರೆದಿರಲಾರರು' ಅಂದರಂತೆ. ವಾರ್ಡಿನ ನೋಟು ಬರೆದವರೂ ಎರಡು ಫೋನ್ ಕರೆಗಳ ಮಾತು ಬೆರೆತಿರಬಹುದೆಂದು ಒಪ್ಪಿದರು. ಆರೋಪ ಬಿದ್ದುಹೋಯಿತು, ಕೆಲಸ ಉಳಿಯಿತು.

ಅನುವಾದದ ಒಂದು ಪ್ರತಿ ಮನೆಗೂ ಬಂತು. ಮೇಜಿನ ಮೇಲೇ ಇರುವ ಡೈರಿಯನ್ನು ಹತ್ತೊಂಬತ್ತು ವರ್ಷ ಮುಟ್ಟದವರು ಅದನ್ನು ಎರಡು ಸಲ ಓದಿದರು. ಈಗ ಊಟಕ್ಕೆ ಕೂತರೆ, ನಾನು ಬಾಯಿ ತೆರೆಯುವ ಮೊದಲೇ, 'ಸಾರಿಗೆ ಉಪ್ಪು ಸರಿಯಾಗಿದೆ ಕಣೇ. ಬರ್ಕೋ' ಅನ್ನುತ್ತಾರೆ.

ನಿನ್ನೆ ಬರೆದುಕೊಂಡೆ: 'ಉಪ್ಪು ಸರಿಯಾಗಿದೆ ಅಂದರು. ನಾನು ಹಾಕಲು ಮರೆತಿದ್ದೆ.'