ಹಳದಿ ಗೆರೆಯ ಈಚೆ ಕೌಂಟಿ

ನಮ್ಮ ಸೋದರಮಾವನಿಗೆ ದೇವರ ಮೇಲೆ ನಂಬಿಕೆ ಇದೆಯೋ ಇಲ್ಲವೋ ಗೊತ್ತಿಲ್ಲ. ಕೌಂಟಿಯ ಮೇಲಂತೂ ಅಪಾರ ಭಕ್ತಿ! ಧಾರವಾಡದಿಂದ ಬಂದು ಅಮೆರಿಕದ ಈಸ್ಟ್ ಬೇಯಲ್ಲಿ ನೆಲೆಸಿದ ಈ ನಿವೃತ್ತ ಎಂಜಿನಿಯರರ ರಸ್ತೆಯೇ ವಿಚಿತ್ರದ್ದು. ನಡುವಿನ ಹಳದಿ ಗೆರೆಯೇ ಗಡಿ. ಆಚೆ ಬದಿ ಸಿಟಿಗೆ ಸೇರಿದ್ದು. ಈಚೆ ಬದಿ ಯಾವ ಸಿಟಿಗೂ ಸೇರದೆ ನೇರ ಕೌಂಟಿಯ, ಅಂದರೆ ಜಿಲ್ಲೆಯ, ಆಡಳಿತಕ್ಕೆ. ಆಚೆ ಕಳ್ಳ ಬಂದರೆ ಸಿಟಿ ಪೊಲೀಸು, ಈಚೆ ಬಂದರೆ ಕೌಂಟಿ ಶೆರೀಫು. ಗೆರೆಯ ಮೇಲೇ ನಿಂತರೆ? "ಅಂವಾ ಶಾಣ್ಯಾ ಕಳ್ಳ!" ಎನ್ನುತ್ತಾರೆ ಮಾಮಾ.

ಸಿಟಿಯವರೆಂದರೆ ಅವರ ಕಣ್ಣಿಗೆ ಗುಲಾಮರು. "ಕೋಳಿ ಸಾಕಾಕೂ ಪರ್ಮಿಶನ್ ಬೇಕು ಆ ಮಂದಿಗೆ. ನಮಗ ಹಂಗಿಲ್ಲ!" ಎಂದು ಮೀಸೆ ತಿರುವುತ್ತಾರೆ. ಮಾಮಾ ಕೋಳಿ ಸಾಕಿದ್ದಾರೆಯೇ? ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ!

ಎದುರುಮನೆಯ ಅಮೆರಿಕನ್ ಮುದುಕ ಒಮ್ಮೆ ತನ್ನ ಮನೆಮುಂದಿನ ರಸ್ತೆಗುಂಡಿಯ ಗೋಳು ತೋಡಿಕೊಂಡ. ಮಾಮಾ ಈಚೆ ಬದಿಯಿಂದಲೇ, "ಯುವರ್ ಸಿಟಿ, ಯುವರ್ ಪ್ರಾಬ್ಲಂ," ಎಂದು ಕೈಮುಗಿದುಬಿಟ್ಟರು.

ಹೋದ ಚಳಿಗಾಲದ ಗಾಳಿಗೆ ಮಾಮಾನ ಬದಿಯ ದೊಡ್ಡ ಓಕ್ ಮರ ರಸ್ತೆಗೆ ಅಡ್ಡ ಬಿತ್ತು. ಬುಡ ಕೌಂಟಿಯಲ್ಲಿ, ತಲೆ ಸಿಟಿಯಲ್ಲಿ! ಕೌಂಟಿಯವರು ಬಂದು, ಹಳದಿ ಗೆರೆಯವರೆಗೆ ಅಚ್ಚುಕಟ್ಟಾಗಿ ಕೊಯ್ದು, ಹೊರಟುಹೋದರು. ಉಳಿದ ಕೊಂಬೆಗಳ ರಾಶಿ ಮುದುಕನ ಡ್ರೈವ್‌ವೇಗೆ ಅಡ್ಡ.

"ನೋಡು, ಕೌಂಟಿ ಕೆಲಸ ಅಂದ್ರ ಹಿಂಗ!" ಎಂದು ಮಾಮಾ ನನಗೆ ತೋರಿಸುತ್ತಿರುವಾಗಲೇ ಮುದುಕ ಹೊರಬಂದ. ಡಯಾಲಿಸಿಸ್‌ಗೆ ಹೋಗಬೇಕು, ಕಾರು ಹೊರಡುವಂತಿಲ್ಲ.

ಮಾಮಾ ಸಿಟಿಗೆ ಫೋನ್ ಹಚ್ಚಿದರು. ಮರ ಕೌಂಟಿಯದು ಎಂದರು ಅಲ್ಲಿಯವರು. ಕೌಂಟಿಗೆ ಹಚ್ಚಿದರು. ನಮ್ಮ ಭಾಗ ಮುಗಿಯಿತು ಎಂದರು ಇವರು. ಕೊನೆಗೆ ತಮ್ಮ ಫೋನನ್ನೂ ನನ್ನ ಫೋನನ್ನೂ ಸ್ಪೀಕರಿಗೆ ಹಾಕಿ, ನೀವು ನೀವೇ ಮಾತಾಡಿಕೊಳ್ಳಿ ಎಂದು ಎದುರುಬದುರು ಹಿಡಿದರು. ಎರಡು ಸರ್ಕಾರಗಳೂ ಪರಸ್ಪರ ಶುಭದಿನ ಹಾರೈಸಿ ಫೋನ್ ಇಟ್ಟವು!

ಮಾಮಾನ ಮುಖ ಕೆಂಪಾಯಿತು. ಗ್ಯಾರೇಜಿನಿಂದ ಕರಗಸ ತಂದವರೇ ಗೆರೆ ದಾಟಿದರು.

"ಮಾಮಾ, ಅದು ಸಿಟಿ ಹದ್ದು ಅಲ್ವಾ?" ನಾನು ಕೆಣಕಿದೆ.

"ಸುಮ್ಕಿರಲೇ, ಟೊಂಗಿ ಹಿಡಿ!"

ಇಬ್ಬರೂ ಬೆವರು ಸುರಿಸಿ ದಾರಿ ಬಿಡಿಸಿದೆವು. ಮುದುಕ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದ. ಮಾಮಾ ತಾವೇ ಅವನ ಕಾರು ನಡೆಸಿದರು, ನಾನು ಹಿಂದೆ ಕೂತೆ. ಆಸ್ಪತ್ರೆಯ ಬಾಗಿಲಲ್ಲಿ, ಮನೆಯವರು ಮಾತ್ರ ಒಳಗೆ ಬರಬಹುದು, ನೀವು ಇವರಿಗೆ ಏನಾಗಬೇಕು ಎಂದು ನರ್ಸು ಕೇಳಿದಳು. ಮುದುಕ ತನ್ನ ಕೋಟು ಕಳಚತೊಡಗಿದ. ಅವನಿಗೆ ಯಾರೂ ಇರಲಿಲ್ಲ.

ಮಾಮಾ ಅವನ ಕೋಟನ್ನು ತಮ್ಮ ತೋಳಿನ ಮೇಲೆ ಹಾಕಿಕೊಂಡು, "ಬ್ರದರ್," ಎಂದು ಹೇಳಿ, ಅವನ ಕೈ ಹಿಡಿದು ಒಳಗೆ ನಡೆದರು.