ಹಸು ಕಾರಣವಲ್ಲ

ತಾನು ಬರುವವರೆಗೂ ಮಗುವಿನ ಕಾಲಿನ ದಾರ ಕತ್ತರಿಸಕೂಡದು ಎಂದು ನುರ್ಜಾತ್ ಗಂಡನಿಂದ ಮಾತು ತೆಗೆದುಕೊಂಡೇ ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಗೆ ಹೊರಟಿದ್ದಳು. ತೊಲೊಮುಷ್ ರೊಟ್ಟಿ ಮುಟ್ಟಿ ಆಣೆಯಿಟ್ಟಿದ್ದ. ಆಗ ಎರ್ಬೊಲ್ ಅಂಬೆಗಾಲಿಡುತ್ತಿದ್ದ. ಈಗ ಕೋಳಿಗಳನ್ನು ಅಟ್ಟಿಸಿಕೊಂಡು ಓಡುತ್ತಾನೆ. ಮಗು ಮೊದಲ ಹೆಜ್ಜೆ ಇಟ್ಟಾಗ ಕಾಲುಗಳಿಗೆ ದಾರ ಕಟ್ಟಿ, ಓಟದಲ್ಲಿ ಗೆದ್ದ ಮಗುವಿನ ಕೈಯಿಂದ ಅದನ್ನು ಕತ್ತರಿಸುವುದು ಆ ನಾಡಿನ ಶಾಸ್ತ್ರ. ಆ ದಾರ ಇನ್ನೂ ಕಟ್ಟಿಯೇ ಇಲ್ಲವೆಂದು ಅವರಿದ್ದ ಕೊಚ್ಕೊರ್‌ನ ಅರ್ಧ ಊರಿಗೆ ನಿದ್ದೆಯಿಲ್ಲ.

ಆ ಬೆಳಿಗ್ಗೆ ಹಸು ಹಗ್ಗ ಹರಿದುಕೊಂಡು ಓಡಿತು. ಕಂಕುಳಲ್ಲಿ ಎರ್ಬೊಲ್ ಇದ್ದುದರಿಂದ ತೊಲೊಮುಷ್ ಮಗಳು ಬೆಗಾಯಿಮಳನ್ನು ಗುಡ್ಡಕ್ಕೆ ಅಟ್ಟಿದ. ಶಾಲೆಯ ಗಂಟೆ ಹೊಡೆದರೂ ಹಸುವೂ ಇಲ್ಲ, ಹುಡುಗಿಯೂ ಇಲ್ಲ.

ಫೋನು ಬಡಿದುಕೊಂಡಿತು. ಊರೆಲ್ಲ 'ಎಜೆ' ಎಂದು ಅಕ್ಕನಂತೆ ಕರೆದು, ಅತ್ತೆಗೆ ಹೆದರುವಂತೆ ಹೆದರುವ ಕನಿಶಾಯ್ ಟೀಚರು.

"ನಿಮ್ಮ ಹುಡುಗಿ ಎಲ್ಲಪ್ಪಾ?"

"ಎಜೆ, ಹಸು..."

"ಹಸು ಕಾರಣ ಅಲ್ಲ. ಜ್ವರಕ್ಕೆ ಡಾಕ್ಟರ ಚೀಟಿ ತನ್ನಿ. ಇಲ್ಲಾ ಮನೇಲಿ ಏನಾದ್ರೂ ಸಮಾರಂಭ ಇರ್ಬೇಕು. ಇವತ್ತಿಂದೂ ಕಾರಣವಿಲ್ಲದ ಗೈರಾದ್ರೆ ಸರೋವರದ ಪ್ರವಾಸಕ್ಕೆ ಅವಳ ಹೆಸರಿಲ್ಲ."

ಆ ಪ್ರವಾಸಕ್ಕಾಗಿ ಬೆಗಾಯಿಮ್ ಚಳಿಗಾಲವಿಡೀ ಈಜುಡುಗೆ ತೊಟ್ಟೇ ಮಲಗಿದ್ದಳು. ಬೇಲಿಯಾಚೆಯಿಂದ ನೆರೆಮನೆಯ ಬತ್ಮಾ ಕತ್ತು ಚಾಚಿ ಪಿಸುಗುಟ್ಟಿದಳು: "ದಾರ ಕತ್ತರಿಸ್ತಿದೀವಿ ಅನ್ನೋ, ದಡ್ಡ!"

"ದಾರ ಕತ್ತರಿಸ್ತಿದೀವಿ ಎಜೆ," ಅಂದೇಬಿಟ್ಟ.

"ಅಯ್ಯೋ, ಮೊದಲೇ ಹೇಳ್ಬಾರ್ದಾ! ಮಧ್ಯಾಹ್ನ ನಾವೆಲ್ಲ ಬರ್ತೀವಿ!"

ಮಧ್ಯಾಹ್ನದೊಳಗೆ ಬತ್ಮಾ ಬೋರ್ಸೊಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು ಗುಡ್ಡೆ ಹಾಕಿದಳು. ತೊಲೊಮುಷನ ಕೊಬ್ಬಿದ ಟಗರು ಕೊಪ್ಪರಿಗೆ ಸೇರಿತು. ಸಾಲದ್ದಕ್ಕೆ, "ಶಾಲೆಯ ಪೋಷಕರ ವಾಟ್ಸಾಪ್ ಗುಂಪಿಗೂ ಹಾಕ್ಬಿಟ್ಟೆ" ಎಂದು ಬತ್ಮಾ ಫೋನು ತೋರಿಸಿದಳು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಇವನು ಮಾತ್ರ ಒಂದೇ ಉಪಾಯ ನೆಚ್ಚಿಕೊಂಡಿದ್ದ: ಮನೆಯ ಚಾಕು, ಕತ್ತರಿಗಳನ್ನೆಲ್ಲ ಹಿಟ್ಟಿನ ಚೀಲದಲ್ಲಿ ಹೂತಿದ್ದ. ಊಟ ಆಗಲಿ, ಓಟ ಆಗಲಿ, ದಾರ ಮಾತ್ರ ಉಳಿಯಲಿ.

ಎರ್ಬೊಲನ ಕಾಲುಗಳಿಗೆ ಕಪ್ಪು ಬಿಳುಪಿನ ದಾರ ಬಿಗಿದರು. ಕೋಳಿ ಕಂಡರೂ ಓಡಲಾಗದೆ ಅವನು ಕಟ್ಟಿಹಾಕಿದ ಕುದುರೆಮರಿಯಂತೆ ಕುಪ್ಪಳಿಸಿದ. ಮಕ್ಕಳು ಬೀದಿಯ ತುದಿಯಿಂದ ಓಡಿಬಂದರು. ಬತ್ಮಾಳ ಮೊಮ್ಮಗಳು ಗೆದ್ದಳು.

"ಚಾಕು ಎಲ್ಲಿ?" ಎಂದು ಬಂದವರೆಲ್ಲ ಕೇಳಿದರು.

"ಅದೇ ಗ್ರಹಚಾರ ನೋಡಿ, ಮನೇಲಿ ಒಂದೂ ಇಲ್ಲ," ಎಂದ ತೊಲೊಮುಷ್, ಅಳುಮುಖ ಮಾಡಿ.

"ಟಗರನ್ನ ಹಲ್ಲಲ್ಲಿ ಕೊಯ್ದ್ಯೇನಯ್ಯಾ?" ಎಂದು ಟೀಚರ ಜೊತೆ ಬಂದಿದ್ದ ಮುಖ್ಯೋಪಾಧ್ಯಾಯರು ನಕ್ಕು, ಬೂಟಿನೊಳಗಿಂದ ತಮ್ಮ ಚಾಕು ಎಳೆದರು. ಅವನು ಅಡ್ಡ ಬರುವಷ್ಟರಲ್ಲಿ ಹುಡುಗಿ ಕರಕ್ಕನೆ ಕೊಯ್ದಿದ್ದಳು. ಚಪ್ಪಾಳೆ ಬಿತ್ತು. ಎರ್ಬೊಲ್ ಕೋಳಿಯ ಹಿಂದೆ ಓಡಿದ.

ಹೋಗಲಿ, ಮಗಳ ಪ್ರವಾಸವಾದರೂ ಉಳಿಯಿತಲ್ಲ ಎಂದು ತೊಲೊಮುಷ್ ಬೆವರೊರೆಸಿಕೊಳ್ಳುವಾಗ ಗೇಟು ಕಿರುಗುಟ್ಟಿತು. ಮುಂದೆ ಹಸು. ಹಿಂದೆ ಮೊಣಕಾಲವರೆಗೆ ಕೆಸರಾದ ಬೆಗಾಯಿಮ್.

"ಸಿಕ್ತಪ್ಪಾ! ಹೊಳೆ ಆಚೆಗೆ ಹೋಗಿತ್ತು. ಬೆಳಗ್ಗಿಂದ ಹುಡುಕಿ ಸಾಕಾಯ್ತು... ಇದೇನು, ಇಷ್ಟೊಂದು ಜನ?"

ಕನಿಶಾಯ್ ಎಜೆ ಕೈಯಲ್ಲಿದ್ದ ಮೂಳೆ ಕೆಳಗಿಟ್ಟರು.

"ಸಮಾರಂಭದ ರಜೆ ಸಮಾರಂಭದಲ್ಲಿ ಇದ್ದೋರಿಗೆ ಕಣಪ್ಪಾ. ಇವಳದ್ದು ಕಾರಣವಿಲ್ಲದ ಗೈರು." ಬೇಸರದಿಂದಲೇ ತಲೆಯಾಡಿಸಿ ಮತ್ತೆ ಮೂಳೆ ಎತ್ತಿಕೊಂಡರು.

ಜೇಬಿನಲ್ಲಿ ಫೋನು ಅದುರಿತು. ನುರ್ಜಾತ್. ಪೋಷಕರ ಗುಂಪಿನಲ್ಲಿ ಅವಳೂ ಇದ್ದಳು.

"ಕತ್ತರಿಸಿದ್ರಾ?" ಎಂದಷ್ಟೇ ಕೇಳಿದಳು.

"ಹೂಂ," ಎಂದ.

ತೊಲೊಮುಷ್ ಕೊಟ್ಟ ಮಾತು ಮುರಿದಿತ್ತು.