ಬಾಲವಿಲ್ಲದ ಇಲಿಗಳ ಮನಸ್ಸು

ಪ್ರಾಣಿಗಳ ಮನಸ್ಸು ತಮಗೆ ತಿಳಿಯುತ್ತದೆ ಎಂದು ಹೇಳಿಕೊಳ್ಳುವವರಲ್ಲಿ ಹೆಚ್ಚಿನವರು ಮನೆಯಲ್ಲಿ ತಮ್ಮ ಮಾತು ನಡೆಯದವರು ಎಂದು ನನ್ನ ಅನುಭವ. ಪ್ರಾಣಿಗಳು ‘ಹಾಗಲ್ಲ’ ಎಂದು ತಿದ್ದುವುದಿಲ್ಲವಲ್ಲ, ಅದೊಂದು ಅನುಕೂಲ. ಮೂಡಬಿದ್ರೆಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಕಾಲದಲ್ಲಿ ನಾನೂ ಅಂಥವನೊಬ್ಬನಾಗಿದ್ದೆ.

ನಮ್ಮ ಊರಿನ ದನದ ಡಾಕ್ಟರಿಗೆ ಬೆಳ್ತಂಗಡಿಗೆ ವರ್ಗವಾಯಿತು. ಹೊರಡುವಾಗ ಅವರು, “ಅಲ್ಲಿ ಸರಿಯಾದ ಮನೆ ಸಿಗುವವರೆಗೆ ಇಟ್ಟುಕೊಳ್ಳಿ ಮಾಸ್ಟ್ರೇ” ಎಂದು ತಾವು ಸಾಕಿದ್ದ, ಇಲಿ ಜಾತಿಯ ಎರಡು ಗಿನಿ ಹಂದಿಗಳನ್ನು ಬುಟ್ಟಿಯ ಸಮೇತ ನನ್ನ ಕೈಗೆ ಕೊಟ್ಟರು. ನಮ್ಮದು ಜೈನರ ಮನೆ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಅಮ್ಮನ ಮುಂದೆ ‘ಹಂದಿ’ ಎಂಬ ಶಬ್ದ ಎತ್ತುವ ಧೈರ್ಯ ನನಗಿರಲಿಲ್ಲ. “ಇಲಿ ಅಮ್ಮ, ಬಿಳಿ ಇಲಿ” ಎಂದೆ. ಅಮ್ಮ ಬುಟ್ಟಿಯೊಳಗೆ ಇಣುಕಿ, “ಇಲಿಯಾದ್ರೆ ಬಾಲ ಎಲ್ಲಿ ಉಂಟು ಮಗಾ?” ಎಂದು ಕೇಳಿದರು. “ಇದು ಪರದೇಶದ್ದು” ಎಂದೆ. ಅಮ್ಮ ಎದ್ದು ಒಳಗೆ ಹೋದರು. ಅವರಿಗೆ ಇವು ಬೇಡವೆಂದು ನಾನು ಅಲ್ಲೇ ತೀರ್ಮಾನಿಸಿದೆ.

ಬೆಳಿಗ್ಗೆ ಸಂಜೆ ಬುಟ್ಟಿಯ ಮುಂದೆ ಕೂತು ಅವುಗಳ ಭಾಷೆ ಕಲಿಯತೊಡಗಿದೆ. ಸೌತೆಕಾಯಿ ಹೆಚ್ಚುವ ಸದ್ದು ಕೇಳಿದರೆ ಎರಡೂ ಸಿಳ್ಳೆ ಹಾಕುತ್ತಿದ್ದವು. ಕಿವಿಯ ಹಿಂದೆ ತುರಿಸಿದರೆ ಚಿಕ್ಕದು ಗುರುಗುರು ಎನ್ನುತ್ತಿತ್ತು. ದೊಡ್ಡದು ಮಾತ್ರ ನನ್ನನ್ನು ಕಂಡರೆ ಹಲ್ಲು ಕಟಕಟ ಮಾಡುತ್ತಿತ್ತು. ಥೇಟು ಟೈಪ್‌ರೈಟರಿನ ಸದ್ದು. ನನ್ನ ವೃತ್ತಿಯನ್ನು ಗುರುತಿಸಿ ಮಾತಾಡಿಸುತ್ತಿದೆ ಎಂದು ನಾನು ಉಬ್ಬಿ, ಶಾಲೆಗೆ ಬರುವವರನ್ನೆಲ್ಲ ಕರೆತಂದು ತೋರಿಸಿದೆ.

“ಅದು ಪ್ರೀತಿ ಅಲ್ಲ ಅಂತ ಕಾಣ್ತದೆ. ನೀವು ಸ್ವಲ್ಪ ದೂರ ಕೂತ್ಕೊಳ್ಳಿ” ಎಂದಳು ಹೆಂಡತಿ ಸುನಂದಾ.

“ನಿನಗೆ ಗೊತ್ತಾಗುದಿಲ್ಲ” ಎಂದು ನಾನು ದೊಡ್ಡದರ ಮೂತಿಯತ್ತ ತೋರುಬೆರಳು ಚಾಚಿದೆ. ಮುಂದಿನ ವಾರವಿಡೀ ಬೆರಳಿಗೆ ಬಟ್ಟೆ ಸುತ್ತಿಕೊಂಡು, ‘ಎಲ್ಲ ಬೆರಳುಗಳನ್ನೂ ಬಳಸಬೇಕು’ ಎಂದು ಪಾಠ ಹೇಳಿದೆ. ಹುಡುಗಿಯರು ನಗು ತಡೆಯಲು ತಲೆ ತಗ್ಗಿಸಿ ಟೈಪ್ ಮಾಡಿದರು. ಅಷ್ಟು ಏಕಾಗ್ರತೆ ಆ ಶಾಲೆಯಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಚಿಕ್ಕದು ತಿನ್ನುವುದನ್ನು ಬಿಟ್ಟಿತು. ರೋಮ ನಿಗುರಿಸಿಕೊಂಡು ಮೂಲೆಯಲ್ಲಿ ಉಂಡೆಯಾಗಿ ಕೂತಿತು. ಡಾಕ್ಟರ ನೆನಪಾಗಿ ಕೊರಗುತ್ತಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಪಕ್ಕದಲ್ಲಿ ಕೂತು, ಸರ್ಕಾರಿ ನೌಕರಿಯಲ್ಲಿ ವರ್ಗಾವಣೆ ಸಹಜವೆಂದು ಸಮಾಧಾನ ಹೇಳಿದೆ. ಮಾರನೆಯ ದಿನ ಅದು ಇನ್ನಷ್ಟು ಸೊರಗಿತ್ತು. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

ಅಂದು ಊಟಕ್ಕೆ ಕೂತ ಅಮ್ಮ ಬಟ್ಟಲನ್ನು ದೂರ ಸರಿಸಿದರು. “ಮನೆಯೊಳಗೆ ಒಂದು ಜೀವ ಉಪವಾಸ ಇರುವಾಗ ನನಗೆ ಅನ್ನ ಇಳಿಯುದಿಲ್ಲ. ಅದು ತಿಂದ ಮೇಲೆ ಬಡಿಸಿ.” ಅಮ್ಮ ವ್ರತ ಹಿಡಿದರೆ ಬಿಡುವವರಲ್ಲ. ಈಗ ನನಗೆ ಎರಡು ಜೀವಗಳ ಚಿಂತೆ.

ಸುನಂದಾ ಚಿಕ್ಕದರ ಮುಂದೆ ಗರಿಕೆ ಹಿಡಿದು ನೋಡುತ್ತಿದ್ದಳು. “ಇದಕ್ಕೆ ಹಸಿವು ಉಂಟು. ಓಡಿ ಬರ್ತದೆ, ಬಾಯಿಗೆ ತಗೊಳ್ತದೆ, ಬೀಳಿಸ್ತದೆ. ತಿನ್ನಲಿಕ್ಕೆ ಆಗುದಿಲ್ಲ ಅಷ್ಟೆ” ಎಂದಳು. ತುಟಿ ಸರಿಸಿ ನೋಡಿದರೆ ಮುಂದಿನ ಹಲ್ಲುಗಳು ಉದ್ದ ಬೆಳೆದು ಓರೆಯಾಗಿದ್ದವು.

ಎರಡನ್ನೂ ಬುಟ್ಟಿಗೆ ಹಾಕಿಕೊಂಡು ಮೂವರೂ ಬೆಳ್ತಂಗಡಿಯ ಬಸ್ಸು ಹತ್ತಿದೆವು. ಅಮ್ಮ ದಾರಿಯುದ್ದಕ್ಕೂ ಬುಟ್ಟಿಯನ್ನು ಮಡಿಲಿನಿಂದ ಇಳಿಸಲಿಲ್ಲ. ತಿರುವುಗಳಲ್ಲಿ ಬಿದ್ದುಹೋಗದಂತೆ ಏನನ್ನಾದರೂ ಹಿಡಿದುಕೊಳ್ಳಬೇಕಲ್ಲ ಎಂದುಕೊಂಡೆ.

ಡಾಕ್ಟರು ಸಣ್ಣ ಕತ್ತರಿಯಿಂದ ಹಲ್ಲಿನ ತುದಿ ಕತ್ತರಿಸಿದರು. “ಏನು ತಿನ್ನಲಿಕ್ಕೆ ಕೊಡ್ತಿದ್ರಿ?” ಎಂದು ಕೇಳಿದರು. ಹಾಲಿನಲ್ಲಿ ನೆನೆಸಿದ ಅವಲಕ್ಕಿಯನ್ನು ನಾನೇ ದಿನಾ ಪ್ರೀತಿಯಿಂದ ತಿನ್ನಿಸುತ್ತಿದ್ದೆನೆಂದು ಹೇಳಿದೆ. “ಜಗಿಯದಿದ್ರೆ ಹಲ್ಲು ಸವೆಯುವುದು ಹೇಗೆ ಮಾಸ್ಟ್ರೇ? ಹುಲ್ಲು ಹಾಕಿ” ಎಂದರು. ಸ್ವಲ್ಪ ಹೊತ್ತಿನಲ್ಲಿ ಚಿಕ್ಕದು ಬುಟ್ಟಿಯೊಳಗೆ ಗರಿಕೆಯ ಎಸಳೊಂದನ್ನು ಕುರುಕುರು ಎಳೆದುಕೊಂಡಿತು. ಅದು ಪೂರ್ತಿ ಒಳಗೆ ಹೋಗುವವರೆಗೆ ಕಾದು, ಅಮ್ಮ ಡಾಕ್ಟರ ಮನೆಯವರು ಕೊಟ್ಟ ಬಾಳೆಹಣ್ಣನ್ನು ಸುಲಿದರು.

“ಈಗ ನಮಗೆ ಒಳ್ಳೆ ಮನೆ ಸಿಕ್ಕಿದೆ. ನಿಮಗ್ಯಾಕೆ ತೊಂದರೆ? ಇಲ್ಲಿಯೇ ಬಿಟ್ಟು ಹೋಗಿ” ಎಂದರು ಡಾಕ್ಟರು.

ನನಗೆ ಬಿಟ್ಟುಹೋಗುವ ಮನಸ್ಸಿರಲಿಲ್ಲ. ಆದರೆ ಅಮ್ಮನ ಮನಸ್ಸನ್ನೂ ನೋಡಬೇಕಲ್ಲ. “ಆಗಲಿ ಡಾಕ್ಟ್ರೇ. ನಮ್ಮ ಅಮ್ಮನಿಗೂ ಸ್ವಲ್ಪ ನೆಮ್ಮದಿ” ಎಂದೆ.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ನಡೆದರು. ಸುನಂದಾ ಒಮ್ಮೆ ನನ್ನ ಮುಖ ನೋಡಿ, ಅವರ ಹಿಂದೆಯೇ ಹೋದಳು.

“ಉಪವಾಸ ಇದ್ದರಲ್ಲ, ಸೆಕೆ ಆಗಿರಬೇಕು. ಸ್ವಲ್ಪ ಗಾಳಿಗೆ ಹೋದರು” ಎಂದು ನಾನು ಡಾಕ್ಟರಿಗೆ ವಿವರಿಸಿದೆ.

ಡಾಕ್ಟರು ಕಿಟಕಿಯಿಂದ ರಸ್ತೆಯ ಕಡೆ ನೋಡಿದರು.

“ಮಾಸ್ಟ್ರೇ, ಅವರು ಬಸ್ಸು ಹತ್ತಿ ಆಯ್ತು. ನೀವೂ ಬೇಗ ಓಡಿ.”